ಕಾಕಾ ಹೇಳದ ಎಲೆಯ ಹೆಸರು

ಇಡೀ ಊರಿಗೆ ಗೊತ್ತಿರುವ ಸಂಗತಿಯನ್ನು ನಲವತ್ತು ವರ್ಷ ಗುಟ್ಟಾಗಿ ಕಾಪಾಡಿದವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಮಲಾಪುರದ ನಮ್ಮ ಕಾಕಾ!

ಕಾಕಾ ಕೆಮ್ಮಿಗೆ ಎಲೆಯ ರಸ ಕೊಡುತ್ತಿದ್ದರು. ತುಳಸಿಯ ಬಳಗದ್ದೇ, ಆದರೆ ದಪ್ಪ ಎಲೆ, ಮೈಮೇಲೆ ಸಣ್ಣ ರೋಮ, ಅಜವಾನದ ವಾಸನೆ. ನಿಮ್ಮ ಮನೆಯ ಕುಂಡದಲ್ಲೂ ಇದ್ದೀತು. ಔಷಧದ ಹೆಸರು ಬಾಯಿಬಿಟ್ಟರೆ ಗುಣ ಹೋಗುತ್ತದೆ, ಸಾಯುವ ಮೊದಲು ಒಬ್ಬರ ಕಿವಿಯಲ್ಲಿ ಮಾತ್ರ ಹೇಳಬೇಕು ಎಂದು ಅವರ ಗುರು ಆಣೆ ಹಾಕಿಸಿದ್ದರಂತೆ.

ಒಮ್ಮೆ ಕಲಬುರಗಿಯ ಸೂಪರ್ ಮಾರ್ಕೆಟ್ ಬೀದಿಯಲ್ಲಿ ಸಸಿ ಮಾರುವವನೊಬ್ಬ ಆ ಹೆಸರನ್ನೇ ಗಂಟಲು ಹರಿಯುವಂತೆ ಕೂಗುತ್ತಿದ್ದ.

"ಏ, ಮೆಲ್ಲಗ! ಹೆಸರು ಹೇಳಬ್ಯಾಡೋ!"

"ಹೆಸರು ಹೇಳ್ದೆ ಹ್ಯಾಂಗ ಮಾರ್ಲಿ ಚಾಚಾ?"

ಅವನ ಬಾಯಿ ಮುಚ್ಚಿಸಲು ಕಾಕಾ ಆರೂ ಕುಂಡ ಕೊಂಡು ಆಟೋದಲ್ಲಿ ಹೇರಿದರು. ಮರುದಿನ ಅವನು ಹನ್ನೆರಡು ತಂದನಂತೆ!

ಮನೆಯಲ್ಲಿ ಅವರ ಹೆಂಡತಿ, ನಮ್ಮ ಕಾಕು, ಅದೇ ಎಲೆಯ ಭಜಿ ಕರಿಯುತ್ತಿದ್ದರು.

"ಇವು ಎಂಥಾ ಭಜಿ?" ಎಂದು ಕಾಕಾ ಗಂಭೀರವಾಗಿ ಕೇಳುತ್ತಿದ್ದರು.

"ನಾ ಹೇಳಂಗಿಲ್ರೀ. ಹೇಳಿದ್ರ ರುಚಿ ಹೋಗ್ತದ!"

ಕಾಕಾ ಸುಮ್ಮನೆ ಇನ್ನೆರಡು ಹಾಕಿಸಿಕೊಳ್ಳುತ್ತಿದ್ದರು.

ಹೋದ ವರ್ಷ ಹಾಸಿಗೆ ಹಿಡಿದಾಗ ಅವರಿಗಿದ್ದದ್ದು ಒಂದೇ ಚಿಂತೆ. ಹೆಸರನ್ನು ಯಾರಿಗೂ ಒಪ್ಪಿಸದೆ ಹೋಗಿಬಿಟ್ಟರೆ? ಮಗನನ್ನು ಕರೆದರು. "ಅಪ್ಪಾ, ಅದು ಎಲ್ಲಾರಿಗೂ ಗೊತ್ತದ" ಎಂದು ಅವನು ನಕ್ಕ. ಅಳಿಯನಂತೂ ಎಲೆಯ ಫೋಟೋ ಹೊಡೆದು, ಮೊಬೈಲಿನಲ್ಲಿ ಬಂದ ಹೆಸರನ್ನು ಮುಖಕ್ಕೇ ಹಿಡಿದ! ಕಾಕಾ ಗೋಡೆಯ ಕಡೆ ತಿರುಗಿ ಮಲಗಿದರು. 

ಸುದ್ದಿ ತಿಳಿದು ನಾನು ಕಲಬುರಗಿಯಿಂದ ಬಸ್ಸು ಹತ್ತಿದೆ.

"ಕಾಕಾ, ಆ ಎಲಿ ಹೆಸರು ನನಗ ಹೇಳ್ರಿ."

"ನಿನಗ ಗೊತ್ತಿಲ್ಲಾ?"

"ಇಲ್ರೀ."

ಅಷ್ಟು ದೊಡ್ಡ ಸುಳ್ಳನ್ನು ನಾನು ಹುಟ್ಟಿದಾಗಿನಿಂದ ಹೇಳಿರಲಿಲ್ಲ. ಕೈಕಾಲು ತೊಳೆದು ಬರಲು ಹೇಳಿದರು. ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಸಿದರು. ನಾನು ಬಾಗಿದೆ. ಕಿವಿಗೆ ಬಾಯಿ ತಂದು ಹೇಳಿದರು. ಹೇಳಲು ಮೂರು ಸಲ ಉಸಿರು ತೆಗೆದುಕೊಳ್ಳಬೇಕಾಯಿತು.

"ಹಗುರಾಯ್ತು ನೋಡವ್ವಾ" ಎಂದರು.

ನಾಲ್ಕನೆಯ ದಿನ ಹೋದರು.

ಮಣ್ಣು ಮಾಡಿ ಬಂದ ಮೇಲೆ ಕಾಕು ನನ್ನ ಪಕ್ಕದಲ್ಲಿ ಬಂದು ಕುಳಿತರು. "ಏನಂದ್ರವ್ವಾ ಅವರು, ಕಿವ್ಯಾಗ?"

"ಹೇಳಂಗಿಲ್ರೀ ಕಾಕು."

ಅವರು ಬಹಳ ಹೊತ್ತು ನನ್ನ ಕೈ ಹಿಡಿದುಕೊಂಡಿದ್ದರು.

"ಹೌದು, ಹೇಳಬ್ಯಾಡ" ಎಂದರು. "ನನಗೂ ಹೇಳಬ್ಯಾಡ."