ಕಾಲು ಇಳಿಬಿಡದ ಅತ್ತೆ

ನಮ್ಮ ಸೋದರತ್ತೆ ಕುರ್ಚಿಯ ಮೇಲೆ ಕಾಲು ಇಳಿಬಿಟ್ಟು ಕುಳಿತದ್ದನ್ನು ಎರಡು ವರ್ಷದಿಂದ ನಮ್ಮೂರು ತಿರ್ಲಾಪುರದಲ್ಲಿ ಯಾರೂ ನೋಡಿಲ್ಲ! ಕುರ್ಚಿ, ಬೆಂಚು, ಬಸ್ಸಿನ ಸೀಟು, ಏನೇ ಇರಲಿ, ಎರಡೂ ಕಾಲು ಮೇಲೆಳೆದುಕೊಂಡು ಚಕ್ಕಳಮಕ್ಕಳ ಹಾಕಿಬಿಡುತ್ತಾಳೆ. ನವಲಗುಂದದ ಬಸ್ಸಿನಲ್ಲಿ ಕಂಡಕ್ಟರ್ ಒಮ್ಮೆ ಕಾಲು ಕೆಳಗಿಡಿರೆಂದು ಹೇಳಿದನಂತೆ. ಅತ್ತೆ ಬಗ್ಗಿ ಸೀಟಿನ ಕೆಳಗೆ ಒಂದು ನಿಮಿಷ ನೋಡಿ, "ಇನ್ನೂ ಸ್ವಲ್ಪ ತಡೀರಿ" ಎಂದಳಂತೆ. ಅವನೂ ಬಗ್ಗಿ ನೋಡಿದ. ಏನೂ ಇರಲಿಲ್ಲ. ಆದರೂ ಹುಬ್ಬಳ್ಳಿ ಬರುವವರೆಗೆ ಅವನು ಆ ಕಡೆ ಸುಳಿಯಲಿಲ್ಲ.

ಅತ್ತೆ ನರ್ಸು. ಮದುವೆ ಬೇಡವೆಂದವಳು, ವರ್ಗಾವಣೆ ಬೇಡವೆನ್ನಲಿಲ್ಲ. ಐವತ್ತರ ಹೊಸ್ತಿಲಲ್ಲಿ ಕರಾವಳಿಯ ಒಂದು ಹಳ್ಳಿಗೆ ಹಾಕಿದರು. ನಮ್ಮಪ್ಪ ಯಾರ ಯಾರನ್ನೋ ಕಂಡು ತಪ್ಪಿಸುತ್ತೇನೆಂದ. ಅವಳು ಅಷ್ಟರಲ್ಲಿ ಟ್ರಂಕು ಕಟ್ಟಿಯಾಗಿತ್ತು. ಅಲ್ಲಿ ಚಿಪ್ಪು ಹೊಕ್ಕು ಪಾದ ಸೀಳಿಕೊಂಡು ಬಂದ ಒಬ್ಬನಿಗೆ ಹೊಲಿಗೆ ಹಾಕಿದಳು. ಅವನು ತೆರೆಯ ಮೇಲೆ ಹಲಗೆ ಓಡಿಸುವುದನ್ನು, ಅಂದರೆ ಸರ್ಫಿಂಗ್ ಕಲಿಸುವ ಮಾಸ್ತರ. ಅಂಥ ಆಟ ಒಂದಿದೆ ಎಂದು ಗೊತ್ತಾಗಿದ್ದೇ ತಡ, ನಮ್ಮ ಕಾಲುವೆಯಲ್ಲಿ ಈಜು ಕಲಿತವಳು ಚೂಡಿದಾರದ ವೇಲು ಸೊಂಟಕ್ಕೆ ಬಿಗಿದು ಸಮುದ್ರಕ್ಕಿಳಿದೇಬಿಟ್ಟಳು!

ರಜೆಗೆ ಊರಿಗೆ ಬಂದರೂ ಅಭ್ಯಾಸ ಬಿಡಬೇಕಲ್ಲ? ಪಡಸಾಲೆಯಲ್ಲಿ ಹತ್ತಿ ಒಟ್ಟಿತ್ತು. ಅದರ ಮೇಲೆ ಹಲಗೆ ಹಾಕಿ, ಬೋರಲು ಮಲಗಿ, ಎರಡೂ ಕೈಯಿಂದ ಹತ್ತಿ ತೋಡುತ್ತ, ಥಟ್ಟನೆ ಎದ್ದು ನಿಲ್ಲುತ್ತಿದ್ದಳು. ಕಡ್ಡಿಪೆಟ್ಟಿಗೆ ಕೇಳಲು ಬಂದ ಬಾಜು ಮನೆಯವಳು ಬಾಗಿಲಲ್ಲೇ ನಿಂತು, "ಅಕ್ಕಾರಿಗೆ ಏನಾಗೇತ್ರಿ?" ಎಂದು ನನ್ನವ್ವನನ್ನು ಕೇಳಿದಳು.

ಅವ್ವ ಒಲೆಯ ಮುಂದಿನಿಂದಲೇ, "ಏನಿಲ್ಲ ತಗೋರಿ, ಈಜಾಕತ್ತಾಳ" ಎಂದಳು.

ನಾನು ನವಲಗುಂದದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟವನು. ದಸರೆ ಮುಗಿದ ಮೇಲೆ ಅಂಗಡಿಗೆ ನಾಲ್ಕು ದಿನ ಬೀಗ ಹಾಕಿ, ಅತ್ತೆಯ ಈ ಪ್ರತಾಪ ನೋಡಲು ಕರಾವಳಿಗೆ ಹೋದೆ. ನೋಡಿದೆ. ನೋಡಬಾರದಿತ್ತು ಎಂದು ಈಗಲೂ ಒಮ್ಮೊಮ್ಮೆ ಅನಿಸುತ್ತದೆ.

ಬೆಳಗಿನ ಏಳು ಗಂಟೆ ಇರಬಹುದು. ಅತ್ತೆ ದಂಡೆಯಿಂದ ಇನ್ನೂರು ಹೆಜ್ಜೆ ಒಳಗೆ, ಹಲಗೆಯ ಎರಡೂ ಬದಿಗೆ ಕಾಲು ಇಳಿಬಿಟ್ಟು ತೆರೆಗಾಗಿ ಕಾಯುತ್ತಿದ್ದಳು. ಇನ್ನಾರೂ ನೀರಿನಲ್ಲಿರಲಿಲ್ಲ. ಸಮುದ್ರ ಅಂದು ಉಸಿರು ಹಿಡಿದಂತೆ ಸುಮ್ಮನಿತ್ತು. ಅವಳ ಆಚೆ ನೀರಿನ ಮೇಲೆ ಬಿಳಿ ಹಕ್ಕಿಗಳ ಒಂದು ಹಿಂಡು ಕುಳಿತಿತ್ತು. ಅವೆಲ್ಲ ಒಮ್ಮೆಗೇ ಎದ್ದವು. ಒಂದೂ ಕೂಗಲಿಲ್ಲ. ಆಮೇಲೆ ಯಾರೋ ಕೆಳಗಿನಿಂದ ಹಿಡಿ ಜೋಳ ತೂರಿದಂತೆ ಸಣ್ಣ ಮೀನುಗಳು ನೀರಿನಿಂದ ಚಿಮ್ಮಿದವು, ಬಿದ್ದವು, ಮತ್ತೆ ಕಾಣಲಿಲ್ಲ.

ನನ್ನ ಪಕ್ಕದಲ್ಲಿ ಹಗ್ಗ ಸರಿಮಾಡುತ್ತ ಕುಳಿತಿದ್ದ ಮಾಸ್ತರ ಮೆಲ್ಲಗೆ ಎದ್ದು ನಿಂತ. ನಾನು ಅತ್ತೆಯನ್ನು ಕರೆಯಲು ಬಾಯಿ ತೆರೆದೆ. ಅವನು ನನ್ನ ತೋಳು ಹಿಡಿದ.

"ಕೂಗ್ಬೇಡಿ ಮಾರಾಯ್ರೆ. ಅವರು ತಿರುಗಿದ್ರೆ ಹಲಗೆ ಅಲುಗಾಡ್ತದೆ."

ಆಗ ನನಗೂ ಕಂಡಿತು. ಅತ್ತೆಯ ಹಿಂದೆ, ನೀರಿನ ಮೇಲೆ ಒಂದು ಕಪ್ಪು ತ್ರಿಕೋನ. ಅವಸರವೇ ಇಲ್ಲದೆ ಅವಳನ್ನು ಒಂದು ಸುತ್ತು ಹಾಕಿ ಮುಳುಗಿತು. ಮಾಸ್ತರ ಬೋಟು ತರಲು ಮೀನುಗಾರರ ಕಡೆ ಓಡಿದ. ಕಾಣುತ್ತಿದ್ದಾಗ ಇಲ್ಲದ ಹೆದರಿಕೆ ನನಗೆ ಅದು ಮುಳುಗಿದ ಮೇಲೆ ಬಂತು. ಈಗ ಅದು ಎಲ್ಲಿ?

ಅತ್ತೆಗೆ ಗೊತ್ತಿತ್ತು. ಬಡಿಗ ಮರಕ್ಕೆ ಪಾಲಿಶ್ ಕಾಗದ ತಿಕ್ಕಿದಂಥ ಸದ್ದು ತನ್ನ ಅಡಿಯಿಂದಲೇ ಬಂತು ಎಂದು ಆಮೇಲೆ ಹೇಳಿದಳು. ಶಾರ್ಕಿನ ಬೆನ್ನು ಹಲಗೆಗೆ ಉಜ್ಜಿಕೊಂಡು ಹೋಗುತ್ತಿತ್ತು. ಆ ಸದ್ದು ಎಷ್ಟು ಹೊತ್ತಾದರೂ ಮುಗಿಯಲಿಲ್ಲವಂತೆ, ಅಷ್ಟು ಉದ್ದ. ಅವಳು ಒಂದೊಂದೇ ಕಾಲು ಮೇಲೆಳೆದುಕೊಂಡಳು. ಹಲಗೆಯಿಂದ ಕಾಲಿಗೆ ಕಟ್ಟಿದ ಹಗ್ಗ ನೀರಿನಲ್ಲಿ ಜೋತಿತ್ತು, ಅದನ್ನೂ ಬಾವಿಯ ಹಗ್ಗದಂತೆ ಸದ್ದಿಲ್ಲದೆ ಎಳೆದು ಮಡಿಲಲ್ಲಿಟ್ಟುಕೊಂಡಳು. ಹಲಗೆ ತಾನೇ ತಾನಾಗಿ ಅರ್ಧ ಸುತ್ತು ತಿರುಗಿತು. ಅವಳ ಮುಖ ದಂಡೆಯ ಕಡೆ, ನನ್ನ ಕಡೆ ಬಂತು.

ಎಷ್ಟು ಹೊತ್ತು ಹಾಗೆ ಕುಳಿತಿದ್ದಳೋ ತಿಳಿಯದು. ಇದ್ದಕ್ಕಿದ್ದಂತೆ ಬೋರಲಾಗಿ, ಎರಡೂ ಕೈ ನೀರಿಗೆ ಹಾಕಿ ಹುಟ್ಟು ಹಾಕತೊಡಗಿದಳು. ಹಿಂದೆ ಏನೋ ಬಡಿದ ಸದ್ದು ಕೇಳಿತು, ಹಲಗೆಯ ಮೂತಿ ಮೇಲಕ್ಕೆದ್ದಿತು. ಅಷ್ಟರಲ್ಲಿ ಆ ಬೆಳಗಿನ ಒಂದೇ ಒಂದು ದೊಡ್ಡ ತೆರೆ ಎದ್ದು ಅವಳನ್ನು ಹೊತ್ತು ತಂದಿತು.

ಬಂದವಳೇ ನನ್ನ ಕೊರಳಪಟ್ಟಿ ಹಿಡಿದು ದಂಡೆಗೆ ಎಳೆದು ಕೆಡವಿದಳು. "ಚಪ್ಪಲಿ ಎಲ್ಲಿ ಕಳಕೊಂಡ್ಯೋ?" ಎಂದು ಗದರಿದಳು. ಆಗ ನೋಡಿಕೊಂಡೆ, ನನ್ನ ಅಂಗಿ ಎದೆಯವರೆಗೆ ತೊಯ್ದಿತ್ತು. ನೀರಿಗಿಳಿದದ್ದು ನನಗೆ ನೆನಪೇ ಇರಲಿಲ್ಲ. ನನಗೆ ಈಜು ಬರುವುದಿಲ್ಲ.

ಹಲಗೆಯ ಹಿಂದಿನ ಮೂಲೆ ಇರಲಿಲ್ಲ. ಅರ್ಧ ರೊಟ್ಟಿ ಮುರಿದಂತೆ ದುಂಡಗೆ ಹೋಗಿತ್ತು. ಮಾಸ್ತರ ಅಲ್ಲಿ ಗೇಣು ಇಟ್ಟು ನೋಡಿದ. ಗೇಣು ಸಾಲಲಿಲ್ಲ. ಈ ದಂಡೆಗೆ ಇಂಥದು ಬಂದದ್ದನ್ನು ತನ್ನ ಅಜ್ಜನೂ ಹೇಳಿಲ್ಲ ಎಂದ. ಬೋಟಿನವರು ಮಧ್ಯಾಹ್ನದವರೆಗೆ ಹುಡುಕಿದರು, ಒಂದು ನೆರಳೂ ಕಾಣಲಿಲ್ಲ. ಆ ಬಿಳಿ ಹಕ್ಕಿಗಳು ಸಹ ತಿರುಗಿ ಬರಲಿಲ್ಲ.

ಮರುವರ್ಷ ಅತ್ತೆಗೆ ನಮ್ಮ ತಾಲೂಕಿಗೇ ವರ್ಗವಾಯಿತು. ಕೇಳಿದವರಿಗೆಲ್ಲ ನಗುತ್ತಲೇ ಕತೆ ಹೇಳುತ್ತಾಳೆ. ಅದು ಯಾಕೆ ಬಿಟ್ಟು ಹೋಯಿತೆಂದು ಕೇಳಿದರೆ, "ನರ್ಸ್ ಅಂತ ಗೊತ್ತಾತು. ಅದಕ್ಕೂ ಇಂಜೆಕ್ಷನ್ ಅಂಜಿಕಿ ಇರ್ಬೇಕು" ಎನ್ನುತ್ತಾಳೆ. ಆದರೆ ಗಾಳಿ ಬೀಸಿ ಹೊಲದ ಜೋಳವೆಲ್ಲ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಲಾಗಿ ಬಾಗಿದರೆ, ಮಾತು ಅಲ್ಲಿಗೇ ನಿಲ್ಲಿಸುತ್ತಾಳೆ. ಆ ಬಾಗು ದಾಟಿ ಹೋಗುವವರೆಗೆ ಅದನ್ನೇ ನೋಡುತ್ತಾಳೆ.

ನನಗೆ ಒಂದು ಮಾತು ಬಗೆಹರಿದಿರಲಿಲ್ಲ. ಕಾಲು ಮೇಲಿತ್ತು, ಬೋಟು ಬರುವುದಿತ್ತು, ಅಲುಗದೆ ಕುಳಿತಿದ್ದರೆ ಸಾಕಿತ್ತು. ಅಂಥದರಲ್ಲಿ ಆ ನೀರಿಗೆ ಕೈ ಹಾಕಿದ್ದೇಕೆ? ಮೊನ್ನೆ ಮಧ್ಯಾಹ್ನ ಶೇಂಗಾ ಸುಲಿಯುತ್ತ ಕುಳಿತಾಗ ಕೇಳಿಯೇಬಿಟ್ಟೆ.

ಅತ್ತೆ ನಗಲಿಲ್ಲ. "ಬೋಟ್ ಬರೂತನಾ ಕುಂದರಬೇಕಂತನ ಇದ್ದೆ, ತಮ್ಮಾ. ಅಷ್ಟರಾಗ ನೀ ನೀರಾಗ ಬರಾಕತ್ತಿದ್ದಿ. ಮೊದಲ ಮೊಳಕಾಲು, ಆಮ್ಯಾಲ ಸೊಂಟ, ಆಮ್ಯಾಲ ಎದಿ. ನೀ ನಿಲ್ಲಂಗ ಕಾಣಲಿಲ್ಲ."

ಅತ್ತೆ ಒಂದು ಹಿಡಿ ಕಾಳು ನನ್ನ ಕೈಗೆ ಸುರಿದು, ನಾಳೆಯಿಂದ ಕಾಲುವೆಗೆ ಬಾ ಎಂದಳು.

ಹೋಗುತ್ತಿದ್ದೇನೆ. ಮೂವತ್ತೈದು ವರ್ಷದ, ಎಂಬತ್ತು ಕಿಲೋ ತೂಕದ ನನಗೆ ನಮ್ಮ ಅತ್ತೆ ಈಜು ಕಲಿಸುತ್ತಿದ್ದಾಳೆ. ದಂಡೆಯ ಮೇಲೆ ನಿಂತು ಹೇಳಿಕೊಟ್ಟರೆ ಸಾಕೆಂದೆ, ಕೇಳಲಿಲ್ಲ. ಮೊದಲ ದಿನ ಮೆಟ್ಟಿಲ ಮೇಲೆ ಬಹಳ ಹೊತ್ತು ನಿಂತಳು. ಆಮೇಲೆ ಕಣ್ಣು ಮುಚ್ಚಿ, ಆ ಕದಡಿದ ನೀರಿಗೆ ಎದೆಮಟ್ಟ ಇಳಿದು, ನನ್ನ ಹೊಟ್ಟೆಯ ಕೆಳಗೆ ಎರಡೂ ಕೈ ಹಿಡಿದಳು.