ಸಮುದ್ರದ ನಡುವೆ ನೀರು ಹಿಡಿದದ್ದು

ಒಬ್ಬೊಬ್ಬರಿಗೆ ಒಂದೊಂದು ಸದ್ದು ಕಿವಿಗೆ ಬಿದ್ದರೆ ಕೂತಲ್ಲಿ ಕೂರಲಾಗುವುದಿಲ್ಲ. ಕೆಲವರಿಗೆ ಇಸ್ಪೀಟು ಕಲೆಸುವ ಸದ್ದು, ಕೆಲವರಿಗೆ ಪಕ್ಕದ ಮನೆಯ ಜಗಳದ ಸದ್ದು. ನನಗೆ ನಲ್ಲಿಯ ಸದ್ದು. ನೀರಿನದಲ್ಲ, ನೀರಿಗೆ ಮುಂಚೆ ಬರುವ ಗಾಳಿಯದು. ಚಳ್ಳಕೆರೆಯ ನಮ್ಮ ಬೀದಿಗೆ ಐದಾರು ದಿನಕ್ಕೊಮ್ಮೆ ನೀರು ಬರುತ್ತದೆ. ಬರುವ ಮುಂಚೆ ನಲ್ಲಿ ಎರಡು ಸಲ ಕೆಮ್ಮಿ, ಆಮೇಲೆ ಬುಸುಗುಟ್ಟುತ್ತದೆ. ಆ ಬುಸ್ ಕೇಳಿದ ಮೇಲೆ ಊಟ, ಪೂಜೆ, ವ್ಯಾಪಾರ ಯಾವುದೂ ಉಳಿಯುವುದಿಲ್ಲ. ನಮ್ಮಜ್ಜ ತೀರಿಕೊಂಡ ದಿನ ಹೆಣದ ಸುತ್ತ ಕೂತು ಹೆಂಗಸರೆಲ್ಲ ಗೊಳೋ ಎಂದು ಅಳುತ್ತಿದ್ದಾಗಲೇ ನಲ್ಲಿ ಕೆಮ್ಮಿತು. ನಮ್ಮವ್ವ ಕಣ್ಣೊರೆಸಿಕೊಂಡು ಎದ್ದು, ಅಳೋದು ಆಮೇಲೂ ಅಳಬಹುದು, ನೀರು ಆಮೇಲೆ ಬರಲ್ಲ ಎಂದು ಎಲ್ಲರ ಕೈಗೂ ಒಂದೊಂದು ಕೊಡ ಕೊಟ್ಟಳು. ಕೊಡಗಳೆಲ್ಲ ತುಂಬಿದ ಮೇಲೆ ಅಳು ಬಿಟ್ಟಲ್ಲಿಂದಲೇ ಮುಂದುವರಿಯಿತು. ಅಜ್ಜ ಬದುಕಿದ್ದಿದ್ದರೆ ಅವನೂ ಒಂದು ಕೊಡ ಹಿಡಿಯುತ್ತಿದ್ದ. ಅಂಥ ವಂಶದಲ್ಲಿ ಹುಟ್ಟಿದ ನಾನು ಮಾಡಿದ ಒಂದು ಅನಾಹುತವನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ಬೇರೆ ಯಾರೂ ಈಗ ನನ್ನ ಮಾತು ಕೇಳಿಸಿಕೊಳ್ಳುತ್ತಿಲ್ಲ.

ನಾವು ಮೂವರು ಶಾಲೆಯಿಂದಲೂ ಗೆಳೆಯರು. ನನ್ನದು ಊರಲ್ಲಿ ಶೇಂಗಾ ಎಣ್ಣೆಯ ಅಂಗಡಿ. ನಾಗಭೂಷಣನದು ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆಯ ವ್ಯಾಪಾರ. ಕನ್ನಡದಲ್ಲಿ ಶುರುಮಾಡಿದ ಮಾತನ್ನು ತೆಲುಗಿನಲ್ಲಿ ಮುಗಿಸುವುದು ಅವನ ಅಭ್ಯಾಸ. ಮೂರನೆಯವನು ತಿಪ್ಪೇಸ್ವಾಮಿ, ಭೂಗೋಳದ ಮೇಷ್ಟ್ರಾಗಿ ನಿವೃತ್ತನಾದವನು. ನಾಲ್ಕೂ ಕಡೆ ನೀರಿನಿಂದ ಸುತ್ತುವರಿದ ಭೂಭಾಗಕ್ಕೆ ದ್ವೀಪ ಎನ್ನುತ್ತಾರೆ ಎಂದು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಪ್ಪು ಹಲಗೆಯ ಮೇಲೆ ಬರೆದು, ಸುತ್ತ ಬಳಪದಲ್ಲಿ ಅಲೆ ಎಳೆದು ತೋರಿಸಿದವನು. ಒಂದು ಸಲ ಒಬ್ಬ ಹುಡುಗ, ಸಾರ್ ನೀವು ನೋಡೀರಾ ಎಂದು ಕೇಳಿದನಂತೆ. ಮೇಷ್ಟ್ರು ನೋಡಿರಲಿಲ್ಲ. ಆ ಪ್ರಶ್ನೆ ಅವನೊಳಗೆ ಮುಳ್ಳಿನಂತೆ ಉಳಿದುಬಿಟ್ಟಿತ್ತು. ನಿವೃತ್ತನಾದ ಮೇಲೆ ಅವನದು ಒಂದೇ ಆಸೆ: ನಿಂತಲ್ಲೇ ಒಂದು ಸುತ್ತು ತಿರುಗಿದರೆ ನಾಲ್ಕೂ ಕಡೆ ನೀರು ಕಾಣುವಷ್ಟು ಚಿಕ್ಕ ದ್ವೀಪದ ಮೇಲೆ ನಿಲ್ಲಬೇಕು. ದೊಡ್ಡ ದ್ವೀಪ ಬೇಡ, ದೊಡ್ಡದರ ಮೇಲೆ ನಿಂತರೆ ಚಳ್ಳಕೆರೆಯಲ್ಲಿ ನಿಂತ ಹಾಗೇ ಎನ್ನುತ್ತಿದ್ದ.

ಈ ಆಸೆಯ ಬೆನ್ನು ಹತ್ತಿ ನಾವು ಅಂಡಮಾನಿಗೆ ಹೋದೆವು. ನಾಲ್ಕು ದಿನದ ಹಾಯಿದೋಣಿ ಪ್ರವಾಸ. ದೋಣಿಯೊಳಗೇ ಮಲಗುವ ಕೋಣೆ, ಅಡುಗೆಮನೆ, ಬಚ್ಚಲು ಎಲ್ಲ ಇತ್ತು. ಅದನ್ನು ನಡೆಸುವವನು ಅಪ್ಪಲರಾಜು ಎಂಬಾತ. ಅವನ ತಾತನ ಕಾಲಕ್ಕೇ ಆಂಧ್ರದಿಂದ ಬಂದು ಅಲ್ಲಿ ನೆಲೆಸಿದವರು. ತೆಲುಗು ಕಿವಿಗೆ ಬಿದ್ದದ್ದೇ ನಾಗಭೂಷಣ ಅವನಿಗೆ ನೆಂಟನೇ ಆಗಿಬಿಟ್ಟ. ಹೊರಡುವ ಮುನ್ನ ರಾಜು ನಮ್ಮನ್ನು ಕೂರಿಸಿಕೊಂಡು, ದೋಣಿಯ ಟ್ಯಾಂಕಿನಲ್ಲಿರುವ ಸಿಹಿನೀರು ನಾಲ್ಕು ದಿನಕ್ಕೆ ಬರಬೇಕು, ದಾರಿಯಲ್ಲಿ ಎಲ್ಲೂ ಸಿಗುವುದಿಲ್ಲ, ಹಿಡಿತದಲ್ಲಿ ಬಳಸಬೇಕು ಎಂದು ಹೇಳಿದ. ನಾಗಭೂಷಣ ಅದನ್ನು ಕನ್ನಡಕ್ಕೆ ತಿರುಗಿಸಿಯೂ ಹೇಳಿದ. ನನಗೆ ಎರಡು ಭಾಷೆಯಲ್ಲೂ ಸರಿಯಾಗಿ ಅರ್ಥವಾಯಿತು. ಆದರೆ ನೀರು ಮುಗಿಯುತ್ತದೆ ಎಂದು ತಿಳಿದ ಮೇಲೆ ನಮ್ಮ ಬೀದಿಯವನು ಏನು ಮಾಡುತ್ತಾನೆ ಎಂಬುದು ಪಾಪ, ರಾಜುವಿಗೆ ಗೊತ್ತಿರಲಿಲ್ಲ. ನಮ್ಮಲ್ಲಿ ಟ್ಯಾಂಕಿನಲ್ಲಿರುವ ನೀರು ಯಾರದೋ. ಕೊಡದಲ್ಲಿರುವ ನೀರು ಮಾತ್ರ ನಮ್ಮದು.

ಮೊದಲ ದಿನ ಚೆನ್ನಾಗಿಯೇ ಕಳೆಯಿತು. ಎರಡನೆಯ ದಿನ ಬೆಳಗ್ಗೆ ಎಲ್ಲರಿಗಿಂತ ಮುಂಚೆ ಎದ್ದೆ. ರಾಜು ರಬ್ಬರಿನ ಚಿಕ್ಕ ದೋಣಿಯಲ್ಲಿ ಪಕ್ಕದ ಮೀನುಗಾರರ ಹತ್ತಿರ ಹೋಗಿದ್ದ. ಗೆಳೆಯರಿಬ್ಬರೂ ಗೊರಕೆಯಲ್ಲಿದ್ದರು. ಮುಖ ತೊಳೆಯಲೆಂದು ನಲ್ಲಿ ತಿರುಗಿಸಿದೆ. ನಲ್ಲಿ ಎರಡು ಸಲ ಕೆಮ್ಮಿತು. ಆಮೇಲೆ ಬುಸ್ ಎಂದಿತು.

ಅಲ್ಲಿಂದ ಮುಂದೆ ನಡೆದದ್ದಕ್ಕೆ ನನ್ನ ಕೈಕಾಲು ಹೊಣೆಯೇ ಹೊರತು ನಾನಲ್ಲ ಎಂದು ಈಗಲೂ ವಾದಿಸಬಲ್ಲೆ, ಕೇಳುವವರಿದ್ದರೆ. ಅಡುಗೆಮನೆಯ ಪಾತ್ರೆಗಳನ್ನೆಲ್ಲ ತುಂಬಿಸಿದೆ. ಬಕೀಟು, ಬೋಗುಣಿ, ಟೀ ಕೆಟಲು, ಖಾಲಿ ಬಾಟಲಿ, ಮೀನಿಡುವ ಪೆಟ್ಟಿಗೆ ತುಂಬಿದವು. ಊರಿಂದ ಒಂದು ದೊಡ್ಡ ಡಬ್ಬದಲ್ಲಿ ಕಾರ ಮಂಡಕ್ಕಿ ತಂದಿದ್ದೆವು. ಅದನ್ನು ನಾಗಭೂಷಣನ ಟವೆಲಿಗೆ ಸುರಿದು ಡಬ್ಬವನ್ನೂ ತುಂಬಿಸಿದೆ. ನೀರು ಇನ್ನೂ ಬರುತ್ತಲೇ ಇತ್ತು. ಪಾತ್ರೆಗಳೆಲ್ಲ ತುಂಬಿದ ಮೇಲೂ ನೀರು ಬರುತ್ತಿದ್ದರೆ ನಮ್ಮ ಮನೆಯಲ್ಲಿ ಅಂಗಳ ತೊಳೆಯುವುದು, ಸ್ಕೂಟರ್ ತೊಳೆಯುವುದು ವಾಡಿಕೆ. ಹೋಗುವ ನೀರು ಸುಮ್ಮನೆ ಹೋಗಬಾರದು. ದೋಣಿಯ ಮೇಲೆಲ್ಲ ಉಪ್ಪು ಕೂತಿತ್ತು. ಅಲ್ಲೇ ಒಂದು ಪೈಪು ಸುತ್ತಿಟ್ಟಿತ್ತು. ಪಂಚೆ ಎತ್ತಿ ಕಟ್ಟಿ ಈ ತುದಿಯಿಂದ ಆ ತುದಿಯವರೆಗೆ ತಿಕ್ಕಿ ತೊಳೆದೆ. ಕೊನೆಗೆ ಪೈಪಿನಲ್ಲಿ ನೀರು ಸಣ್ಣಗಾಗಿ ನಿಂತಿತು. ಅಬ್ಬ, ನಿಲ್ಲುವುದರೊಳಗೆ ಹಿಡಿದೆನಲ್ಲ ಎಂದು ನನಗೆ ಎಷ್ಟು ಸಮಾಧಾನವಾಯಿತು ಎಂದರೆ, ಯಾರಾದರೂ ಎದ್ದು ನನ್ನ ಬೆನ್ನು ತಟ್ಟಲಿ ಎಂದು ಕಾಯುತ್ತ ಕೂತೆ.

ರಾಜು ಬಂದವನೇ ದೋಣಿ ಮಿರಮಿರ ಮಿಂಚುವುದನ್ನು ನೋಡಿ ಮಳೆ ಬಂದಿತ್ತಾ ಎಂದು ಕೇಳಿದ. ನಾನು ದೊಡ್ಡ ಮನುಷ್ಯನಂತೆ ನಕ್ಕೆ. ಗಾಳಿ ಒಳ್ಳೆಯದಿದೆ ಎಂದು ಅವನು ಹಾಯಿ ಏರಿಸಿದ. ಹಾಯಿದೋಣಿಯ ಗುಣ ಬಲ್ಲವರು ಇಲ್ಲಿ ಒಂದು ನಿಟ್ಟುಸಿರು ಬಿಡಬಹುದು. ಗಾಳಿ ತುಂಬಿದರೆ ಅದು ನೆಟ್ಟಗೆ ಹೋಗುವುದಿಲ್ಲ, ಒಂದು ಮಗ್ಗುಲಿಗೆ ವಾಲಿಕೊಂಡೇ ಹೋಗುತ್ತದೆ. ದೋಣಿ ವಾಲಿತು. ಕೆಳಗಿನಿಂದ ನಮ್ಮ ಅಂಗಡಿಯ ಎಣ್ಣೆ ಡಬ್ಬಗಳೆಲ್ಲ ಒಟ್ಟಿಗೇ ಉರುಳಿದಂಥ ಸದ್ದು ಬಂತು. ಇಳಿದು ನೋಡಿದರೆ ಪಾತ್ರೆಗಳೆಲ್ಲ ಮಗುಚಿದ್ದವು. ಮೊಣಕಾಲುದ್ದ ಎಂದರೆ ಉತ್ಪ್ರೇಕ್ಷೆಯಾದೀತು, ಪಾದ ಮುಳುಗುವಷ್ಟು ನೀರಿನಲ್ಲಿ ಮಂಡಕ್ಕಿ ತೇಲುತ್ತಿತ್ತು. ನಡುವೆ ನಾಗಭೂಷಣ ಎದ್ದು ನಿಂತು, ದೋಣಿ ಮುಳುಗುತ್ತಿದೆ ಎಂದು ತೆಲುಗಿನಲ್ಲಿ ದೇವರನ್ನು ಕರೆಯುತ್ತಿದ್ದ. ರಾಜು ಆ ನೀರಿನಲ್ಲಿ ಒಂದು ಬೆರಳು ಅದ್ದಿ ನಾಲಗೆಗೆ ಇಟ್ಟುಕೊಂಡ. ಸಿಹಿ. ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ಬೆಳಕು ಬಿಟ್ಟು ನೋಡಿದ. ಆಮೇಲೆ ನನ್ನ ಎತ್ತಿ ಕಟ್ಟಿದ ಪಂಚೆಯನ್ನು ನೋಡಿದ.

ಉಳಿದದ್ದು ನಾಲ್ಕೈದು ಬಾಟಲಿ ನೀರು. ಇಷ್ಟನ್ನು ನಂಬಿ ಜನರನ್ನು ಮುಂದೆ ಕರೆದುಕೊಂಡು ಹೋಗಲಾರೆ, ವಾಪಸು ಹೋಗಲೇಬೇಕು ಎಂದ ರಾಜು. ತುಂಬಿಸಿಕೊಂಡು ಮತ್ತೆ ಬರಲು ನಮ್ಮ ವಿಮಾನದ ದಿನ ಬಿಡುವಂತಿರಲಿಲ್ಲ. ನಾನು ನಾಗಭೂಷಣನನ್ನು ಮುಂದೆ ಮಾಡಿ ಬೇಡಿಕೊಂಡೆ. ಇಬ್ಬರಿಗೂ ತೆಲುಗಿನಲ್ಲಿ ಬಹಳ ಹೊತ್ತು ಮಾತಾಯಿತು. ಕೊನೆಗೆ ನಾಗಭೂಷಣ ಕನ್ನಡದಲ್ಲಿ ಹೇಳಿದ್ದು ಇಷ್ಟೇ: "ಅವನು ಹೇಳೋದು ಸರಿ ಐತೆ ಕಣಲೇ ಚಂದ್ರ."

ಮೇಷ್ಟ್ರು ಎದ್ದು ಬಂದಾಗಿನಿಂದ ದೋಣಿಯ ಮೂತಿಯಲ್ಲೇ ನಿಂತಿದ್ದ. ಮುಂದೆ ದೂರದಲ್ಲಿ ಒಂದು ಬಿಳಿ ಚುಕ್ಕೆ, ಅದರ ನಡುವೆ ಹಸಿರಿನ ಒಂದು ಚಿಟಿಕೆ. ಅದೇ ಅವನ ದ್ವೀಪ. ಮಧ್ಯಾಹ್ನದೊಳಗೆ ಅಲ್ಲಿ ಇಳಿಯಬೇಕಿತ್ತು. ರಾಜು ದೋಣಿ ತಿರುಗಿಸಿದಾಗ ಮೇಷ್ಟ್ರು ಮುಂದಿನಿಂದ ಹಿಂದಕ್ಕೆ ನಡೆದುಬಂದು, ಆ ಚುಕ್ಕೆ ಕಾಣುವಷ್ಟು ಕಾಲ ನೋಡುತ್ತ ನಿಂತ. ಬೈದಿದ್ದರೆ ನನಗೆ ಎಷ್ಟೋ ಸುಖವಿತ್ತು. ನಾನು ಹತ್ತಿರ ಹೋಗಿ ನಿಂತೆ.

"ಸುತ್ತ ಸಮುದ್ರ ಇಟ್ಕಂಡು ಕುಡಿಯೋ ನೀರಾಗೆ ದೋಣಿ ತೊಳೆದೆಲ್ಲೋ," ಎಂದ. ಆಮೇಲೆ, ನನಗಲ್ಲ, ನೀರಿಗೆ ಹೇಳುವಂತೆ, "ಒಂದ್ಸಲ ಸುಮ್ನೆ ನಿಂತು ನೋಡಿ ಬರ್ತಿದ್ದೆ. ಅಷ್ಟೇ ಇತ್ತು," ಎಂದ. ಅಲ್ಲಿಂದ ಊರು ಮುಟ್ಟುವವರೆಗೆ ಅವನು ನನ್ನೊಡನೆ ಮಾತಾಡಲಿಲ್ಲ. ಊರು ಮುಟ್ಟಿದ ಮೇಲೂ ಇಲ್ಲ.

ಬಂದ ಮೇಲೆ ಒಂದು ತಿಂಗಳು ನಾನು ಪಟ್ಟ ಪಾಡು ಯಾರಿಗೂ ಬೇಡ. ಮೇಷ್ಟ್ರು ನಮ್ಮ ಅಂಗಡಿಯ ಎದುರು ಬಂದರೆ ಆ ಕಡೆಯ ಬದಿಯಲ್ಲಿ ನಡೆಯುತ್ತಿದ್ದ. ಎಣ್ಣೆಯನ್ನು ಬೇರೆ ಕಡೆ ಕೊಳ್ಳಲು ಶುರುಮಾಡಿದ್ದಾನೆ ಎಂದೂ ತಿಳಿಯಿತು. ನನ್ನ ಹೆಂಡತಿ ಗಿರಿಜೆಗೆ ನಡೆದದ್ದನ್ನು ಹೇಳಿದರೆ, ದೋಣಿ ವಾಲುತ್ತೆ ಅಂತ ಗೊತ್ತಾದ ಮೇಲೆ ಪಾತ್ರೆಗೆ ಮುಚ್ಚಳ ಹಾಕಬೇಕಿತ್ತಲ್ಲರೀ ಎಂದಳು. ಅವಳಿಗೆ ತಪ್ಪು ಎಲ್ಲಿ ನಡೆಯಿತೆಂದು ತಿಳಿಯಲಿಲ್ಲ. ಇಂಥ ಮನೆಯಲ್ಲಿ ಪಶ್ಚಾತ್ತಾಪವನ್ನು ಒಬ್ಬನೇ ಪಡಬೇಕಾಗುತ್ತದೆ. ಇನ್ನು ಮೇಲೆ ನಲ್ಲಿ ಎಷ್ಟೇ ಕೆಮ್ಮಲಿ, ನಾನು ಏಳುವುದಿಲ್ಲ ಎಂದು ಶಪಥ ಮಾಡಿದೆ.

ಗಿರಿಜೆ ತವರಿಗೆ ಹೋಗಿದ್ದಾಗ ನಲ್ಲಿ ಕೆಮ್ಮಿತು. ನಾನು ಕುರ್ಚಿಯ ಕೈ ಎರಡನ್ನೂ ಗಟ್ಟಿಯಾಗಿ ಹಿಡಿದುಕೊಂಡು ಕೂತೆ. ಬುಸ್ ಎಂದಿತು. ಏಳಲಿಲ್ಲ. ಬೀದಿಯಲ್ಲೆಲ್ಲ ಕೊಡಗಳ ಸದ್ದು, ನನ್ನ ಹಣೆಯಲ್ಲಿ ಬೆವರು. ಒಂದು ಗಂಟೆ ಹೊತ್ತು ಬಂದು ನೀರು ನಿಂತುಹೋಯಿತು. ಜೀವನದಲ್ಲಿ ಮೊದಲ ಸಲ ನನ್ನನ್ನು ನಾನು ಗೆದ್ದಿದ್ದೆ. ಮೂರನೆಯ ದಿನಕ್ಕೆ ಮನೆಯಲ್ಲಿ ಬಾಯಿ ಮುಕ್ಕಳಿಸಲೂ ನೀರಿರಲಿಲ್ಲ. ನೆರೆಯವರನ್ನು ಕೇಳಲು ನಾಚಿಕೆ. ಈ ಬೀದಿಯಲ್ಲಿ ನೀರು ಹಿಡಿಯದೆ ಕೂತವನನ್ನು ಸೋಮಾರಿ ಎನ್ನುವುದಿಲ್ಲ, ತಲೆ ಕೆಟ್ಟಿದೆ ಎನ್ನುತ್ತಾರೆ. ಕೊನೆಗೆ ಎರಡು ಖಾಲಿ ಕೊಡ ಹಿಡಿದು ನಾನು ಹೋಗಿ ನಿಂತದ್ದು ಹಿಂದಿನ ಬೀದಿಯ ಮೇಷ್ಟ್ರ ಬಾಗಿಲಿಗೇ.

ಅವನು ಕೊಡಗಳನ್ನು ನೋಡಿದ. ನನ್ನನ್ನು ನೋಡಿದ. ನಾನೇ ಶಪಥದ ಕತೆ ಹೇಳಿಕೊಂಡೆ. ಅವನ ಮೀಸೆಯ ಒಂದು ತುದಿ ಅಲುಗಿದಂತಾಯಿತು. ಕೊಡಗಳನ್ನು ಇಸಿದುಕೊಂಡು ಒಳಗೆ ಹೋಗಿ ತುಂಬಿಸಿ ತಂದ. ಕುತ್ತಿಗೆಗಿಂತ ನಾಲ್ಕು ಬೆರಳು ಕಮ್ಮಿಯೇ ತುಂಬಿಸಿದ್ದ.

"ಮುಂದ್ಲೊರ್ಷ ನಾನೂ ನಾಗಭೂಷಣನೂ ಮತ್ತೆ ಹೋಗ್ತೀವಿ," ಎಂದ.

ನಾನೂ ಬರಲಾ ಎಂದು ಕೇಳುವ ಧೈರ್ಯವಾಗಲಿಲ್ಲ.

"ನೀನು ಬ್ಯಾಡ. ನೀನು ಇಲ್ಲೇ ಇರು. ನಮ್ಮಿಬ್ರ ಮನೆ ಬೀಗದ ಕೈ ನಿನ್ನ ಕೈಯಾಗೆ ಕೊಟ್ಟು ಹೋಗ್ತೀವಿ. ನೀರು ಹಿಡಿಯೋಕೆ ನಂಬಿಕಸ್ಥರು ಒಬ್ರು ಬೇಕಲ್ಲೋ."

ಇದು ಕ್ಷಮೆಯೋ ಶಿಕ್ಷೆಯೋ ನನಗೆ ಇವತ್ತಿಗೂ ಬಗೆಹರಿದಿಲ್ಲ. ನಾಗಭೂಷಣನ ಮನೆ ಇರುವುದು ಮೊಳಕಾಲ್ಮೂರಿನಲ್ಲಿ. ಅಲ್ಲಿ ನೀರು ಬಂದ ದಿನ ಇಲ್ಲೂ ಬಂದರೆ ಬಸ್ಸಿನಲ್ಲಿ ಓಡಾಡಿಯೇ ನಾನು ಸಾಯಬೇಕು. ಹೀಗೆಲ್ಲ ಹೇಳಿ ಆಗುವುದಿಲ್ಲ ಎನ್ನಬೇಕೆಂದು ಬಾಯಿ ತೆರೆದೆ. ಆದರೆ ಅಷ್ಟರಲ್ಲಿ ನನ್ನ ಕಣ್ಣು ಮೇಷ್ಟ್ರ ಹೆಗಲ ಮೇಲಿಂದ ಅಡುಗೆಮನೆಯೊಳಕ್ಕೆ ಹೋಗಿ, ಅಲ್ಲಿ ಎಷ್ಟು ಕೊಡಗಳಿವೆ ಎಂದು ಎಣಿಸುತ್ತಿತ್ತು.