ಶ್ರೀಮತಿ ಮತ್ತು ಖಾಲಿ ಜಾಗ

"ನನ್ನ ಬೋರ್ಡಿನಲ್ಲಿ ಒಂದೇ ಒಂದು ದೀರ್ಘ ತಪ್ಪಲಿ, ಈ ಕುಂಚ ಮುರಿದು ಒಲೆಗೆ ಹಾಕ್ತೀನಿ!"

ಕಾಫಿ ಲೋಟ ಕೆಳಗಿಡುವ ಮೊದಲೇ ಅಕ್ಷರಜ್ಜನ ಪ್ರತಿಜ್ಞೆ ಹೊರಬಿತ್ತು. ಶಾಲೆಯ ಮೆಟ್ಟಿಲು ಹತ್ತದೆ, ಅಂಗಡಿ ಬೋರ್ಡು ನೋಡಿ ನೋಡಿಯೇ ಅಕ್ಷರ ಕಲಿತ ಆಸಾಮಿ. ಬೀದಿಯ ಅರ್ಧ ಬೋರ್ಡುಗಳು ಅವನೇ ಬರೆದದ್ದು. ಉಳಿದರ್ಧದ ತಪ್ಪುಗಳನ್ನು ಯಾರೂ ಕೇಳದಿದ್ದರೂ ತಿದ್ದಿಟ್ಟವನು!

"ಮುರಿಯೋದು ಆಮೇಲಾಗಲಿ. ವಕೀಲಮ್ಮನ ಬೋರ್ಡು ಕೊಟ್ಟು ಬನ್ನಿ, ನಾಳೆ ಆಫೀಸು ಶುರುವಂತೆ," ಎಂದಳು ಹೆಂಡತಿ.

ಬೀದಿ ತುದಿಯಲ್ಲಿ ಹೊಸದಾಗಿ ಕೋಣೆ ಹಿಡಿದಿದ್ದ ವಕೀಲಮ್ಮ, "ಹೆಸರಷ್ಟೇ ಬರೆಯಿರಿ ಅಜ್ಜಾ," ಎಂದಿದ್ದಳು. ಹೆಸರಷ್ಟೇ? ಹೆಣ್ಣುಮಗಳ ಹೆಸರು ಹಾಗೇ ಬರಿತಲೆಯಲ್ಲಿ ಬೀದಿಗೆ ನಿಲ್ಲುವುದೇ! ಅಜ್ಜ ಅವಳ ಕಿವಿ ಪಕ್ಕದ ಬಿಳಿಗೂದಲನ್ನು ನೆನೆದು, ತನ್ನ ಕೈಯಿಂದಲೇ ಧಾರಾಳವಾಗಿ ಒಂದು 'ಶ್ರೀಮತಿ' ಸೇರಿಸಿದ್ದ. ಕೆಂಪು ಬಣ್ಣದಲ್ಲಿ, ನೆರಳು ಸಮೇತ!

ವಕೀಲಮ್ಮ ಬೋರ್ಡು ನೋಡಿದಳು. ಕನ್ನಡಕ ಮೇಲೇರಿಸಿ ಮತ್ತೆ ನೋಡಿದಳು.

"ಅಜ್ಜಾ, ನನ್ನ ಮದುವೆ ಯಾವಾಗ ಮಾಡಿದಿರಿ? ಊಟಕ್ಕಾದರೂ ನನ್ನನ್ನ ಕರೀಬಾರದಿತ್ತೇ?"

"ತಪ್ಪಾಯ್ತು ತಾಯಿ, ಈಗಲೇ ಸರಿಮಾಡ್ತೀನಿ!"

ಬಣ್ಣ ಇನ್ನೂ ಪೂರ್ತಿ ಆರಿರಲಿಲ್ಲ. ಸೀಮೆಎಣ್ಣೆ ಬಟ್ಟೆಯಲ್ಲಿ ತಿಕ್ಕಿದ ಏಟಿಗೆ ಶ್ರೀಮತಿ ಹೋಗಿ, ಆ ಜಾಗದಲ್ಲಿ 'ಕುಮಾರಿ' ಬಂದು ಕೂತಳು.

"ಚೆನ್ನಾಯ್ತು! ಇದಕ್ಕೂ 'ಮನೆ ಖಾಲಿ ಇದೆ' ಅನ್ನೋ ಬೋರ್ಡಿಗೂ ಏನಜ್ಜಾ ವ್ಯತ್ಯಾಸ?"

"ಅಲ್ಲ ತಾಯಿ, ಎರಡರಲ್ಲಿ ಯಾವುದು ಅಂತ ನೀವೇ ಹೇಳಿಬಿಟ್ಟರೆ..."

ವಕೀಲಮ್ಮ ಕುರ್ಚಿ ಎಳೆದು ಕೂತಳು. ಸವಾಲು ಶುರುವಾಯಿತು.

"ಮದುವೆಯಾಗದ ಗಂಡಸಿಗೆ ಏನು ಬರೀತೀರಿ?"

"ಶ್ರೀ."

"ಆದ ಮೇಲೆ?"

"ಶ್ರೀ."

"ಹೆಂಡತಿ ಬಿಟ್ಟು ಹೋದ ಮೇಲೆ?"

"ಆಗಲೂ... ಶ್ರೀನೇ."

"ಏನು ಗಟ್ಟಿ ಬಣ್ಣ! ಒಂದು ಚೂರೂ ಮಾಸೋದಿಲ್ಲವಲ್ಲ! ಅಳಿಸಿ ಅಜ್ಜಾ. ಕೇಸು ನಡೆಸೋದು ನಾನು, ನನ್ನ ಗಂಡ ಇದ್ದಾನೋ ಇಲ್ಲವೋ ಅನ್ನೋದಲ್ಲ."

ತಿಕ್ಕಿ ತಿಕ್ಕಿ ಬೋರ್ಡಿನ ಎಡಮೂಲೆ ಕೆಂಪಾಯಿತು. ಅಜ್ಜನ ಕಿವಿಯೂ.

ಮನೆಗೆ ಬಂದವನೇ ಹೆಂಡತಿಯ ಮುಂದೆ ಎಲ್ಲ ಕಾರಿಕೊಂಡ. "ಬರೀ ಹೆಸರು ಸಾಕಂತೆ! ಶ್ರೀಮತಿ ಅನ್ನೋದು ಎಂಥ ಮರ್ಯಾದೆ ಕಣೇ! ಬೇಡ ಅಂದಳಲ್ಲ!"

ಹೆಂಡತಿ ಕೈಯಲ್ಲಿದ್ದ ಸೌಟನ್ನು ಬಾಗಿಲ ಕಡೆ ತೋರಿಸಿದಳು. ಮದುವೆಯಾದ ಹೊಸದರಲ್ಲಿ ಅಜ್ಜನೇ ಬರೆದು ನೇತುಹಾಕಿದ ಬೋರ್ಡು. ಬಳ್ಳಿ, ಸುರುಳಿಗಳ ನಡುವೆ 'ಶ್ರೀ' ಸಹಿತ ಅವನ ಉದ್ದ ಹೆಸರು. ಕೆಳಗೆ, 'ಮತ್ತು ಶ್ರೀಮತಿ'. ಅದರಾಚೆ ಗೇಣುದ್ದ ಖಾಲಿ ಜಾಗ.

"ಮರ್ಯಾದೆ ಬಂದು ಕೂತಿದೆ. ಮನುಷ್ಯಳು ಇನ್ನೂ ಬಂದಿಲ್ಲ."

"ಅದೂ... ಅವತ್ತು ಬಣ್ಣ ಮುಗಿದಿತ್ತು ಕಣೇ."

"ಆಮೇಲೆ ಬೀದಿಗೆಲ್ಲ ಬಳಿದಿರಲ್ಲ, ಅದೇನು ನೀರೇ?"

ಅಜ್ಜನ ಪೌರುಷ ಕೆರಳಿತು. "ಬಿಡು, ಈಗಲೇ ಬರೀತೀನಿ! ಬೀದಿಯೇ ನಿಂತು ನೋಡಬೇಕು, ಹಾಗೆ ಬರೀತೀನಿ!"

ಸ್ಟೂಲು ಬಂತು. ಡಬ್ಬಿಯ ಮುಚ್ಚಳ ತೆರೆಯಿತು. ಕುಂಚ ಅದ್ದಿ, ಉಸಿರು ಬಿಗಿಹಿಡಿದು, ಬೋರ್ಡಿನ ಹತ್ತಿರ ತಂದ ಕೈ ಅಲ್ಲೇ ನಿಂತುಬಿಟ್ಟಿತು. "ಏ ಇವಳೇ", "ಕೇಳಿಸ್ತಾ?", "ಎಲ್ಲಿ ಸತ್ತೆ?" ಎಂಬ ಮೂರು ಹೆಸರಲ್ಲೇ ಇಡೀ ಸಂಸಾರ ಸಾಗಿಸಿದ ಆಸಾಮಿ ಅವನು! ತೊಟ್ಟು ಬಣ್ಣ ಜಾರಿ ಹೊಸ್ತಿಲ ಮೇಲೆ ಬಿತ್ತು.

ಅಜ್ಜ ಸ್ಟೂಲಿನಿಂದ ಮೆಲ್ಲಗೆ ಬಗ್ಗಿದ.

"ಅಲ್ಲ ಕಣೇ... ನಿನ್ನ ಹೆಸರಲ್ಲಿ ಮೊದಲಕ್ಷರ ಹ್ರಸ್ವವೋ, ದೀರ್ಘವೋ?"

ಹೆಂಡತಿ ಕೈ ಚಾಚಿದಳು.

"ಕುಂಚ ಕೊಡಿ. ಒಲೆ ಉರೀತಿದೆ."